ಕದಿರಪ್ಪ ಕಟ್ಟಿದ ಸೀಸದ ಪಟ್ಟಿ

ಬೇತಮಂಗಲದ ಆಚೆಯ ನೀರು ತುಂಬಿದ ಕಲ್ಲುಕ್ವಾರಿಗೆ ಯಾರಾದರೂ ಬಿದ್ದರೆ ಊರವರು ಓಡುತ್ತಿದ್ದುದು ಕದಿರಪ್ಪನ ಮನೆಗೆ. ಅವನ ತಂದೆ ಮೈಸೂರು ಮೈನ್ಸಿನ ಚಿನ್ನದ ಗಣಿಬಾವಿಗಳಲ್ಲಿ ಹಗ್ಗದ ಕೆಲಸ ಮಾಡಿದವರು. ಅವರು ಕಲಿಸಿದ ಗಂಟು ಎಳೆದಷ್ಟೂ ಬಿಗಿಯುತ್ತಿತ್ತು. ಗಣಿಯೊಳಗೆ ಎಷ್ಟೋ ಜೀವ ಉಳಿಸಿತ್ತು. ಅದೇ ಗಂಟು ಹಾಕಿ ಕದಿರಪ್ಪ ಹಿರಿಮಗ ಗಿರಿಯ ಸೊಂಟಕ್ಕೆ, ತಳ ಮುಟ್ಟಲೆಂದು, ಹದಿನಾರು ಕೆಜಿ ಸೀಸದ ಪಟ್ಟಿ ಬಿಗಿದಿದ್ದ. ತಳದ ನೀರು ಕೊರೆಯುತ್ತದೆಂದು ಯಾರೋ ದಾನ ಕೊಟ್ಟಿದ್ದ, ಒಳಗೆ ನೀರು ಬಾರದ ಡ್ರೈಸೂಟ್ ತೊಟ್ಟು ಗಿರಿ ಹೆಣ ಹುಡುಕಲು ಇಳಿದ. ಜೀವಂತವಾಗಿ ಮೇಲೆ ಬರಲಿಲ್ಲ.

"ಗಂಗಮ್ಮ ಕರ್ಕೊಂಡ್ಳು" ಎಂದು ಕದಿರಪ್ಪ ಎನ್ನುತ್ತಲೇ ಎಂಟು ತಿಂಗಳು ಕಳೆದವು.

ಈಗ ಕಿರಿಮಗ ಸುಧಾಕರ್ ಅಂಥದೇ ಸೂಟು ತೊಟ್ಟು ದಂಡೆಯಲ್ಲಿ ನಿಂತಿದ್ದ. ಡೈವಿಂಗ್ ಕಲಿಸಲು ಬಂಗಾರಪೇಟೆಯಿಂದ ರಾಧ ಬಂದಿದ್ದಳು. ಕದಿರಪ್ಪ ಗಿರಿಗೆ ಕಟ್ಟಿದ್ದ ಹಳೆಯ ಪಟ್ಟಿಯನ್ನೇ ತಂದ.

"ತೂಕ ನೋಡಿದ್ರಾ, ಕದಿರಪ್ಪಣ್ಣ?"

"ನೋಡೋದೇನಮ್ಮ? ಸೂಟೊಳಗೆ ಗಾಳಿ ಐತೆ, ತೇಲಿಸ್ತದೆ. ಭಾರ ಜಾಸ್ತಿ ಇದ್ರೆ ನೆಟ್ಟಗೆ ತಳಕ್ಕೆ ಓಗ್ತಾನೆ."

"ಓಗೋದು ಸರಿ. ಬರೋದು?"

"ನಲವತ್ತು ಹೆಣ ಎತ್ತಿರೋನು ನಾನು! ನಂಗೇ ಪಾಠವೇನಮ್ಮ?"

"ಅವು ಬಂದು ನಿಂಗೆ ಸರ್ಟಿಫಿಕೇಟ್ ಕೊಟ್ವಾ, ಅಪ್ಪಾ?" ಎಂದ ಸುಧಾಕರ್. ಯಾರೂ ನಗಲಿಲ್ಲ.

ರಾಧ ಅದೇ ಪಟ್ಟಿಯನ್ನು ಅವನಿಗೆ ಬಿಗಿಸಿ, ಹಗ್ಗ ಕಟ್ಟಿ, ಗಾಳಿ ಮುಗಿಯುತ್ತ ಬಂದ ಸಿಲಿಂಡರನ್ನೇ ಬೆನ್ನಿಗೇರಿಸಿದಳು. ಗಾಳಿ ಕಳೆದಂತೆ ಸಿಲಿಂಡರು ಹಗುರಾಗುತ್ತದಲ್ಲ, ತೂಕ ಆ ಹೊತ್ತಿಗೂ ಸರಿಯಿರಬೇಕು. ದಂಡೆಯ ಪಕ್ಕದಲ್ಲೇ ಇಳಿಸಿ, ಸೂಟಿನ ಹೆಚ್ಚಿನ ಗಾಳಿ ಬಿಡಿಸಿದಳು.

"ಸಲೀಸಾಗಿ ಉಸಿರೆಳ್ದು ಇಡ್ಕೊ. ನೀರು ಕಣ್ಣಿನ ಮಟ್ಟಕ್ಕೆ ನಿಲ್ಬೇಕು. ಉಸಿರು ಬಿಟ್ರೆ ಮೆಲ್ಲಗೆ ಮುಳುಗ್ಬೇಕು."

ಉಸಿರು ಹಿಡಿದರೂ ಸುಧಾಕರ್ ಕಲ್ಲಿನಂತೆ ಮುಳುಗಿಹೋದ. ಹಗ್ಗ ಎಳೆದು ಎತ್ತಿದರು. ಒಂದೊಂದೇ ಸೀಸ ತೆಗೆದರು. ನೀರು ಅವನ ಕಣ್ಣಿಗೆ ಸಮವಾಗಿ ನಿಂತಾಗ ದಂಡೆಯ ಮೇಲೆ ಆರು ಕೆಜಿ ಬಿದ್ದಿತ್ತು.

ಕದಿರಪ್ಪ ಆ ಸೀಸವನ್ನೇ ನೋಡಿದ. "ಗಿರೀದೂ ಇವನ್ದೇ ಮೈಕಟ್ಟು, ರಾಧಮ್ಮ."

ರಾಧ ಸುಧಾಕರನನ್ನು ದಂಡೆಗೆ ಎಳೆದುಕೊಂಡಳು.

"ಪಟ್ಟಿ ಬಿಚ್ಚಿ ಎಸೆದಿದ್ರೆ ಬತ್ತಿದ್ನಾ?" ಎಂದ ಕದಿರಪ್ಪ.

"ಬರ್ಬೋದಿತ್ತಣ್ಣ. ಕಡೇ ದಾರಿ ಅದು. ಅದ್ಕೇ ಗಂಟಲ್ಲ, ಒಂದೇ ಎಳೆತಕ್ಕೆ ಬಿಚ್ಚೋ ಬಕಲ್ ಬೇಕು."

"ಎತ್ತಿದಾಗ ಅವನ ಉಗುರೆಲ್ಲ ಕಿತ್ತೋಗಿದ್ವು" ಎಂದ ಕದಿರಪ್ಪ. "ಮೀನು ಕಚ್ಚವೆ ಅಂದ್ಕೊಂಡಿದ್ದೆ."

ಆಮೇಲೆ ಸುಧಾಕರನಿಗೆ ಹತ್ತೇ ಕೆಜಿಯ ಬಕಲ್ ಪಟ್ಟಿ ಹಾಕಿದವನು ಅವನೇ. ಹಾಕಿದ, ಎಳೆದು ಬಿಚ್ಚಿದ. ಮತ್ತೆ ಹಾಕಿದ, ಮತ್ತೆ ಬಿಚ್ಚಿದ.

ನೀರಿಗಿಳಿಯುವವರೇ, ದಂಡೆಯಲ್ಲಿ ಪಟ್ಟಿ ಬಿಗಿಯುವವರೇ, ಗಂಗಮ್ಮನಿಗೆ ಕೈಮುಗಿದೇ ಇಳಿಯಿರಿ. ಆದರೆ ತೂಕವನ್ನು ದಂಡೆಯಲ್ಲೇ ನೋಡಿ. ಇನ್ನೊಬ್ಬರ ಪಟ್ಟಿ ಕಟ್ಟಿಕೊಳ್ಳಬೇಡಿ. ಸೂಟು, ಒಳಬಟ್ಟೆ, ಸಿಲಿಂಡರು, ಯಾವುದು ಬದಲಾದರೂ ಮತ್ತೆ ನೋಡಿ. ಕದಿರಪ್ಪನಿಗೆ ಇದು ಎಂಟು ತಿಂಗಳು ತಡವಾಗಿ ತಿಳಿಯಿತು. ನಿಮಗೆ ಇಂದೇ ತಿಳಿದಿದೆ.