ಒಂದು ಗಂಟೆ ಕೂಡಿಸು, ಒಂದು ಗಂಟೆ ಕಳೆ

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಗಾಜಿನ ಕೋಣೆಗೆ ಕರೆದು, "ಮೇಡಂ, ನಿಮ್ಮ ಕೆಲಸ ಪೂರ್ತಿ ಅವರಿಗೆ ಹೇಳಿಕೊಡಿ" ಎಂದರು. ಅವರು ಎಂದರೆ ನನ್ನ ಮೇಜಿನ ಎದುರು, ಎದೆಮಟ್ಟದ ಅಡ್ಡಗೋಡೆಯ ಆಚೆ ಕೂರುವ ಸಹೋದ್ಯೋಗಿ. ಮೀಟಿಂಗುಗಳಲ್ಲಿ ಹೂಂ ಎಂದವನಲ್ಲ, ಉಹೂಂ ಎಂದವನಲ್ಲ. ಹಾಗಾಗಿ ಆತನಿಗೆ ಆಫೀಸಿಡೀ ಮೌನಿಬಾಬಾ ಎಂದು ಹೆಸರಿಟ್ಟಿದೆ. ನನಗೆ ಪಟಾಕಿ ಎಂದು ಹೆಸರಿಟ್ಟಿರುವುದೂ ಗೊತ್ತು.

"ಪೂರ್ತಿ ಅಂದ್ರೆ?"

"ಪೂರ್ತಿ ಅಂದ್ರೆ ಪೂರ್ತಿ. ನಾಳೆ ನೀವು ಇಲ್ಲ ಅಂದ್ರೂ ಅವರು ನಡೆಸ್ಕೊಂಡು ಹೋಗೋ ಹಾಗೆ."

ನಮ್ಮ ಕಸುಬಿನಲ್ಲಿ ಕೆಲಸ ಹೇಳಿಕೊಡಿ ಎಂದರೆ ಒಂದೋ ಮೇಲೆ ಕಳಿಸುತ್ತಾರೆ, ಇಲ್ಲವೇ ಆಚೆ ಕಳಿಸುತ್ತಾರೆ. "ನಾನು ಎಲ್ಲಿಗೆ ಹೋಗ್ತಿದ್ದೀನಿ ಸರ್?" ಎಂದು ಕೇಳಿಯೇಬಿಟ್ಟೆ.

"ಹಾಗೇನಿಲ್ಲ ಮೇಡಂ. ಏನೂ ಇಲ್ಲ ಅಂತಲೂ ಅಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಈ ಮನುಷ್ಯ ಎತ್ತಿದ ಕೈ. ನನಗಿಂತ ಚಿಕ್ಕವರು, ಮುಖದಲ್ಲಿ ಪಾಪ ಎನಿಸುವಂಥ ಗಾಬರಿ ಬೇರೆ. ಬೈಯಲೂ ಮನಸ್ಸಾಗಲಿಲ್ಲ. ಗಾಜಿನ ಬಾಗಿಲನ್ನು ಮಾತ್ರ ಸ್ವಲ್ಪ ಜೋರಾಗಿ ಎಳೆದುಕೊಂಡು ಬಂದೆ.

ನಮ್ಮದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ರೋಗಿಗೆ ಡಾಕ್ಟರ ಬಳಿ ಸಮಯ ಗೊತ್ತುಮಾಡುವ ಭಾಗ ಮೌನಿಬಾಬಾನದು. ಆ ಸಮಯವನ್ನು ಅಲ್ಲಿಂದ ತೆಗೆದುಕೊಂಡು, 'ನಾಳೆ ಇಷ್ಟು ಗಂಟೆಗೆ ಬನ್ನಿ' ಎಂದು ರೋಗಿಯ ಮೊಬೈಲಿಗೆ ಮೆಸೇಜು ಕಳಿಸುವ ಭಾಗ ನನ್ನದು. ವರ್ಷಗಟ್ಟಲೆ ಎದುರುಬದುರು ಕೂತು ಇದನ್ನೇ ಮಾಡಿದ್ದೇವೆ. ಮಾತಾಡಿದ್ದು ಅಷ್ಟಕ್ಕಷ್ಟೆ.

ಮರುದಿನ ಆತ ಅಡ್ಡಗೋಡೆ ಬಳಸಿಕೊಂಡು ಬಂದು ನನ್ನ ಮೇಜಿನ ಪಕ್ಕ ನಿಂತ. ಪಾಠಕ್ಕೆ ಬಂದ ಎಂದುಕೊಂಡು ಕುರ್ಚಿ ಸರಿಸಿದೆ.

"ನನ್ನ ಕೆಲಸ ಪೂರ್ತಿ ನಿಮಗೆ ಹೇಳಿಕೊಡಬೇಕಂತೆ" ಎಂದ.

"ನಂದನ್ನ ನಿಮಗೆ ಅಲ್ವಾ?"

"ನಂದನ್ನ ನಿಮಗೆ."

ಇಬ್ಬರೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡಿಕೊಂಡೆವು. ನಾನು ಆಚೆ ಹೋಗುವುದಾದರೆ ಆತನ ಕೆಲಸ ನಾನೇಕೆ ಕಲಿಯಬೇಕು? ಆತ ಹೋಗುವುದಾದರೆ ನನ್ನದನ್ನು ಆತನೇಕೆ? ತಲೆಬುಡ ಅರ್ಥವಾಗಲಿಲ್ಲ.

ಮನೆಯಲ್ಲಿ ಹೇಳಿದೆ. ನನ್ನ ಗಂಡನಿಗೆ ಕನ್ನಡಕದ ಅಂಗಡಿಯಿದೆ. ಯಾರದೋ ಗಾಜನ್ನು ದೀಪಕ್ಕೆ ಹಿಡಿದು ಒರೆಸುತ್ತಲೇ, "ಇಬ್ಬರನ್ನೂ ಕಳಿಸ್ತಾರೇನೋ" ಎಂದರು.

"ನಿಮ್ಮ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬರುತ್ತಾ?" ಎಂದು ರೇಗಿದೆ.

ತರಕಾರಿ ಹೆಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಅವನಿಗೆ ನೀನು ಕಲಿಸ್ತೀಯ, ನಿನಗೆ ಅವನು ಕಲಿಸ್ತಾನೆ. ಇಷ್ಟು ವರ್ಷ ಇಬ್ಬರೂ ಅಲ್ಲಿ ಏನು ಮಾಡ್ತಿದ್ರಿ?"

ಹೆಚ್ಚಿದ ತರಕಾರಿ ಎತ್ತಿಕೊಂಡು ಒಲೆಯ ಕಡೆ ಹೋದೆ. ಊಟ ಸೇರಲಿಲ್ಲ. ನಲವತ್ತೈದು ದಾಟಿದವಳನ್ನು ಈಗ ಯಾವ ಕಂಪನಿ ಕರೆದು ಕೂರಿಸುತ್ತದೆ? ಸಂದರ್ಶನಕ್ಕೆ ಹೋದರೆ ನನ್ನ ಮಗನ ವಯಸ್ಸಿನವರು 'ಹೊಸದೇನು ಕಲಿತಿದ್ದೀರಿ ಆಂಟಿ' ಎಂದು ಕೇಳುತ್ತಾರೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಎರಡು ದಿನ ಬಿಟ್ಟು ಕಾಫಿ ಮೆಷಿನ್ನಿನ ಬಳಿ ಮ್ಯಾನೇಜರನ್ನು ಅಡ್ಡಹಾಕಿದೆ. ಅತ್ತಿತ್ತ ನೋಡಿ, ದನಿ ಇಳಿಸಿ ಬಾಯಿಬಿಟ್ಟರು. "ತಿಂಗಳ ಕೊನೆಗೆ ನಿಮ್ಮಿಬ್ಬರಲ್ಲಿ ಒಬ್ಬರೇ ಉಳಿಯೋದು ಮೇಡಂ. ಯಾರು ಅಂತ ಮೇಲಿನವರೂ ಹೇಳಿಲ್ಲ. ಇಬ್ಬರೂ ಎರಡೂ ಕಲೀಲಿ, ಯಾರ ಕಡೆ ತಪ್ಪು ಕಮ್ಮಿಯೋ ನೋಡೋಣ ಅಂದ್ರು. ನಾನು ಹೇಳಿದೆ ಅಂತ ಹೇಳಬೇಡಿ."

ಆ ಮಧ್ಯಾಹ್ನವೇ ಪಾಠ. ಆತನ ಪರದೆಯ ಮುಂದೆ ಕೂತು ಆತ ಬರೆದ ಸಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಆತ ಬೆರಳಿಟ್ಟು ತೋರಿಸುತ್ತಿದ್ದ, ಬಾಯಿಗೆ ಮಾತ್ರ ಬೀಗ. ಸಮಯವನ್ನು ನನ್ನ ಭಾಗಕ್ಕೆ ದಾಟಿಸುವ ಜಾಗ ಬಂತು. ಅಲ್ಲೊಂದು ಸಾಲಿತ್ತು: ಒಂದು ಗಂಟೆ ಕಳೆ.

"ಇದ್ಯಾಕೆ?"

"ನಿಮ್ಮ ಮೆಸೇಜಲ್ಲಿ ಯಾವಾಗಲೂ ಒಂದು ಗಂಟೆ ಜಾಸ್ತಿ ಹೋಗ್ತಿತ್ತು. ಅದಕ್ಕೆ ಇಲ್ಲೇ ಕಳೆದು ಕೊಡ್ತೀನಿ."

ನನ್ನ ಕಿವಿಯವರೆಗೂ ಬಿಸಿಯಾಯಿತು. ಆತನನ್ನು ಎಬ್ಬಿಸಿಕೊಂಡು ನನ್ನ ಮೇಜಿಗೆ ಬಂದು, ನನ್ನ ಭಾಗದ ಬಾಗಿಲಲ್ಲೇ ಇರುವ ಸಾಲನ್ನು ತೋರಿಸಿದೆ: ಒಂದು ಗಂಟೆ ಕೂಡಿಸು.

"ನಿಮ್ಮ ಕಡೆಯಿಂದ ಯಾವಾಗಲೂ ಒಂದು ಗಂಟೆ ಕಮ್ಮಿ ಬರುತ್ತಲ್ಲ ಅಂತ ನಾನು ಕೂಡಿಸಿದ್ದು!"

ಮೊದಲು ತಪ್ಪಿದ್ದು ಯಾರು? ಆತ ಕಳೆದದ್ದರಿಂದ ನಾನು ಕೂಡಿಸಿದೆನೋ, ನಾನು ಕೂಡಿಸಿದ್ದರಿಂದ ಆತ ಕಳೆದನೋ? ಹಳೆಯ ದಾಖಲೆ ತೆಗೆದು ನೋಡಿದೆವು. ಹಿಂದೊಮ್ಮೆ ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸಿದಾಗ ಪ್ರತಿ ಸಾಲಿಗೂ ಅದೇ ತಾರೀಖು ಬಿದ್ದಿತ್ತು. ಸಾಗಿಸಿದವನು ಕೆಲಸ ಬಿಟ್ಟು ಯಾವ ಕಾಲವಾಯಿತೋ. ನನಗಂತೂ ಆತನೇ ಮೊದಲು ಎಂದು ಖಾತ್ರಿಯಿತ್ತು. ಆತನ ಮುಖ ನೋಡಿದರೆ ಆತನಿಗೂ ನನ್ನ ಬಗ್ಗೆ ಅಷ್ಟೇ ಖಾತ್ರಿಯಿತ್ತು.

"ಒಂದು ಮಾತು ಕೇಳೋಕೆ ಏನಾಗಿತ್ರೀ ನಿಮಗೆ?" ಎಂದು ಹರಿಹಾಯ್ದೆ.

"ನಿಮಗೆ ಬೇಗ ಕೋಪ ಬರುತ್ತೆ ಅಂತ..." ಎಂದು ನಿಲ್ಲಿಸಿದ.

ಇದ್ದ ಕೋಪ ಇಮ್ಮಡಿಯಾಯಿತು. ತೋರಿಸುವ ಹಾಗಿರಲಿಲ್ಲ.

ಎರಡು ಸಾಲನ್ನೂ ತೆಗೆದುಬಿಡೋಣ ಎಂದು ಆತನೇ ಹೇಳಿದ. ಉಳಿಯುವವರು ಯಾರೇ ಆಗಲಿ, ಈ ಗೋಜಲು ಅವರ ತಲೆಗೆ ಬೇಡ ಎಂದ. ಮ್ಯಾನೇಜರ ಗುಟ್ಟು ಆತನ ಕಿವಿಗೂ ಬಿದ್ದಿದೆ ಎಂದು ಆಗ ತಿಳಿಯಿತು. ಆದರೆ ಇಬ್ಬರೂ ಒಂದೇ ಹೊತ್ತಿಗೆ ತೆಗೆಯಬೇಕು. ನಾನು ತೆಗೆದು ಆತ ತೆಗೆಯದಿದ್ದರೆ ಊರೆಲ್ಲ ರೋಗಿಗಳು ಒಂದು ಗಂಟೆ ಮೊದಲೇ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕೂರುತ್ತಾರೆ. ಮೆಸೇಜು ಹೋಗುವುದು ನನ್ನ ಭಾಗದಿಂದ, ಆದ್ದರಿಂದ ತಪ್ಪು ನನ್ನ ತಲೆಗೆ. ತಿಂಗಳ ಕೊನೆಗೆ ಯಾರು ಮನೆಗೆ ಎಂದು ಆಮೇಲೆ ಯಾರೂ ಯೋಚಿಸಬೇಕಾಗಿಲ್ಲ.

ಆತ ಸಾಧುವೋ, ಸಾಧುವೇಷದ ಚಾಲಾಕಿಯೋ? ರಾತ್ರಿಯೆಲ್ಲ ಅದೇ ಯೋಚನೆ. ಒಮ್ಮೆ ಪಾಪ ಎನಿಸುತ್ತಿತ್ತು, ಮಗ್ಗುಲು ಬದಲಿಸಿದರೆ ಪಕ್ಕಾ ಕಳ್ಳ ಎನಿಸುತ್ತಿತ್ತು. ಇಷ್ಟು ವರ್ಷ ಎದುರಿಗೆ ಕೂತವನ ಗುಣ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮರುದಿನ ಊಟದ ಹೊತ್ತಿಗೆ, ಬುಕಿಂಗು ಕಡಿಮೆ ಇರುವಾಗ, ಇಬ್ಬರೂ ನಮ್ಮ ನಮ್ಮ ಕುರ್ಚಿಯಲ್ಲಿ ಕೂತೆವು. ಸರಿಹೋಯಿತೇ ಎಂದು ನೋಡಲು, ಒತ್ತಿದೊಡನೆ ಮೆಸೇಜು ಬರುವಂತೆ, ಹಲ್ಲುನೋವೆಂದು ನನ್ನ ಮೊಬೈಲ್ ನಂಬರಿಗೇ ಒಂದು ಸಮಯ ಗೊತ್ತುಮಾಡಿದ್ದೆವು, ಮರುದಿನ ಹನ್ನೊಂದಕ್ಕೆ. ಕೂತರೆ ಅಡ್ಡಗೋಡೆಯ ಮೇಲೆ ಆತನ ನೆತ್ತಿಯಷ್ಟೇ ಕಾಣುತ್ತದೆ, ಕೈ ಕಾಣುವುದಿಲ್ಲ.

"ಮೂರು ಅಂದಾಗ ಒತ್ತೋಣ" ಎಂದ. ಒಂದು, ಎರಡು ಎಂದ. ಮೂರು ಎಂದ.

ಕಣ್ಣು ಮುಚ್ಚಿ ಒತ್ತಿದೆ.

ಆಚೆಯಿಂದ ಸದ್ದಿಲ್ಲ. ಮೆಸೇಜು ಬರಲು ಅರೆಗಳಿಗೆಯೂ ಬೇಡ, ಆದರೂ ಅಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಆತ ಒತ್ತಿಲ್ಲ, ನಾನು ಮುಳುಗಿದೆ, ಅತ್ತೆಗೆ ಏನು ಹೇಳಲಿ. ಮೊಬೈಲು ಗುಂಯ್‌ಗುಟ್ಟಿತು.

'ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಬನ್ನಿ.'

ಆತ ಒತ್ತಿದ್ದ. ಮೇಜಿನ ಮೇಲೆ ತಲೆಯಿಟ್ಟುಬಿಟ್ಟೆ. ಕಣ್ಣಲ್ಲಿ ನೀರು ಯಾಕೆ ಬಂತೋ ಇವತ್ತಿಗೂ ಗೊತ್ತಿಲ್ಲ. ಪ್ರಪಂಚದಲ್ಲಿ ಏನೊಂದೂ ಬದಲಾಗಿರಲಿಲ್ಲ. ನಿನ್ನೆಯೂ ಸರಿಯಾದ ಸಮಯವೇ ಹೋಗುತ್ತಿತ್ತು, ಇವತ್ತೂ ಅದೇ.

ತಿಂಗಳ ಕೊನೆಯ ದಿನ ಮ್ಯಾನೇಜರ್ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದರು. ಬೆವರುತ್ತಿದ್ದರು. "ಇಬ್ಬರ ಕಡೆಯೂ ಒಂದೂ ತಪ್ಪಿಲ್ಲ. ನನಗೇನೂ ತೋಚ್ತಿಲ್ಲ. ಎರಡೂ ಕೆಲಸ ಒಬ್ಬರೇ ಮಾಡೋದಾದ್ರೆ ಯಾರಿಗೆ ಆಗುತ್ತೆ, ನೀವೇ ಹೇಳಿ."

ನಾನು ಎಂದು ಹೇಳಬೇಕೆಂದು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದು, "ಇವರಿಗೆ."

ಅದೇ ಉಸಿರಿಗೆ ಪಕ್ಕದಿಂದ ಇನ್ನೊಂದು ದನಿ, "ಮೇಡಂಗೆ." ಮೌನಿಬಾಬಾ ಆ ಕೋಣೆಯಲ್ಲಿ ಆಡಿದ ಮೊದಲ ಮಾತು ಅದು.

ಮ್ಯಾನೇಜರ್ ಆತನ ಮುಖ ನೋಡಿ, ನನ್ನ ಮುಖ ನೋಡಿ, ಪೆನ್ನಿನ ಮುಚ್ಚಳ ಹಾಕಿದರು. "ಆಚೆ ಹೋಗಿ. ಮೊದಲು ನೀವಿಬ್ಬರೂ ಮಾತಾಡ್ಕೊಂಡು ಬನ್ನಿ."

ಹೊರಗೆ ಬಂದದ್ದೇ ತರಾಟೆಗೆ ತೆಗೆದುಕೊಂಡೆ. "ನನ್ನ ಹೆಸರು ಹೇಳು ಅಂತ ಯಾರ್ರೀ ಹೇಳಿದ್ರು ನಿಮಗೆ?"

"ನೀವು ನನ್ನ ಹೆಸರು ಹೇಳ್ತೀರಿ ಅನ್ನಿಸ್ತು. ಅದಕ್ಕೆ ಸರಿಹೋಗಲಿ ಅಂತ..."

ಮತ್ತೆ ಕಳೆದಿದ್ದ ಮಹರಾಯ. ನಗು ತಡೆಯಲಾಗಲಿಲ್ಲ, ಆತನೂ ನಕ್ಕ. ಒಳಗೆ ಹೋಗಿ ಒಂದು ಹೆಸರು ಹೇಳಬೇಕಿತ್ತು. ಇಬ್ಬರೂ ಹೋಗಲಿಲ್ಲ. ನಮ್ಮ ನಮ್ಮ ಮೇಜಿಗೆ ಹೋಗಿ ಕೂತೆವು. ಮ್ಯಾನೇಜರೂ ಕರೆಯಲಿಲ್ಲ.

ಅದಾಗಿ ಎರಡು ತಿಂಗಳು ಕಳೆದಿವೆ. ಮೇಲಿನವರು ಯಾವ ಹೆಸರನ್ನೂ ಕೇಳಿಲ್ಲವಂತೆ. ನಮ್ಮನ್ನು ಉಳಿಸಿಕೊಂಡರೋ, ಮರೆತರೋ, ಮ್ಯಾನೇಜರಿಗೂ ಗೊತ್ತಿಲ್ಲ. ದಿನವೂ ಬೆಳಿಗ್ಗೆ ಗೇಟಿನಲ್ಲಿ ಕಾರ್ಡು ಒತ್ತುವಾಗ, ಬಾಗಿಲು ಇವತ್ತು ತೆರೆಯುತ್ತದೋ ಇಲ್ಲವೋ ಎಂದು ನೋಡುತ್ತಲೇ ನಿಲ್ಲುತ್ತೇನೆ. ಆದರೆ ಆಚೆಯಿಂದ ಏನಾದರೂ ತಪ್ಪಾಗಿ ಬಂದರೆ ಈಗ ನಾನು ಸುಮ್ಮನೆ ಸರಿಮಾಡಿಕೊಳ್ಳುವುದಿಲ್ಲ. ಎದ್ದು ನಿಂತು, ಅಡ್ಡಗೋಡೆಯ ಮೇಲೆ ಕೈಯೂರಿ, ಆಫೀಸಿಗೆಲ್ಲ ಕೇಳುವ ಹಾಗೆ, "ಏನ್ರೀ ಇದು?" ಎಂದು ಕೂಗುತ್ತೇನೆ. ಆತನೂ ಎದ್ದು ನಿಂತು ಜಗಳಕ್ಕೆ ಬರುತ್ತಾನೆ.