ಕನ್ನಡಿ ಚೌಕಟ್ಟಿಗೆ ಚಿನ್ನದ ಬಣ್ಣ

ಕೈಕೆಲಸ ಅಂದರೆ ಸೊಸೆಗೆ ಮೈ ಉರಿಯುತ್ತಿತ್ತು. ಕಸೂತಿಗೆ ಕೂತರೆ ಸೂಜಿ ಬೆರಳಿಗೇ ಚುಚ್ಚುತ್ತಿತ್ತು. ಉಲ್ಲನ್ ಹೆಣೆದರೆ ಅದು ಟೋಪಿಯೋ ಕಾಲುಚೀಲವೋ ಹೆಣೆದವಳಿಗೇ ತಿಳಿಯುತ್ತಿರಲಿಲ್ಲ. "ನಿನ್ನ ಕೈಗೆ ಇಸ್ತ್ರಿಪೆಟ್ಟಿಗೆ ಒಂದೇ ಸರಿ ಕಣೇ," ಎಂದು ಅತ್ತೆ ನಾಲ್ಕು ಜನರ ಎದುರೇ ಹೇಳಿಬಿಟ್ಟಿದ್ದರು. ಸುಳ್ಳೇನಲ್ಲ. ಲಾಂಡ್ರಿಯಲ್ಲಿ ದಿನವಿಡೀ ಬಟ್ಟೆ ಇಸ್ತ್ರಿ ಮಾಡುವುದೇ ಅವಳ ಕೆಲಸ.

ಗಂಡ ಗೇಟಿಗೆಂದು ತಂದ ಚಿನ್ನದ ಬಣ್ಣದ ಸ್ಪ್ರೇ ಡಬ್ಬಿಯಲ್ಲಿ ಒಂದಿಷ್ಟು ಉಳಿದಿತ್ತು. ತುಕ್ಕು ಹಿಡಿದ ಡಬ್ಬವೊಂದರ ಮೇಲೆ ಸುಮ್ಮನೆ ಒತ್ತಿ ನೋಡಿದಳು. ಬುಸ್ ಅಂತು. ಅಷ್ಟೇ! ಕಸಕ್ಕೆ ಹೋಗಬೇಕಾಗಿದ್ದ ಡಬ್ಬ ಅರಮನೆಯಿಂದ ಬಂದ ಹಾಗೆ ಹೊಳೆಯಿತು. ಬ್ರಷ್ ಬೇಡ, ಕಲಿಯುವುದು ಬೇಡ, ಒಂದು ಬೆರಳಿದ್ದರೆ ಸಾಕು. ಬಟ್ಟೆಗೆ ನೀರು ಚಿಮುಕಿಸಿ ಚಿಮುಕಿಸಿ ಅವಳ ಬೆರಳು ಪಳಗಿತ್ತು. ಅವಳೇ ಹೋಗಿ ಇನ್ನಷ್ಟು ಡಬ್ಬಿ ತಂದಳು. ಹೂಕುಂಡ, ಸ್ಟೂಲಿನ ಕಾಲು, ಒಣ ಕಡ್ಡಿ, ಕೊನೆಗೆ ಒಂದು ಆಲೂಗಡ್ಡೆಯೂ ಚಿನ್ನವಾಯಿತು.

"ಒಂದು ಕಡೆ ಕೂರೋಕೂ ಹೆದರಿಕೆ ನನಗೆ. ನನಗೂ ಬಣ್ಣ ಹೊಡೆದುಬಿಡ್ತೀಯ," ಅಂದ ಗಂಡ.

"ನಿಮಗೆ ಒಂದು ಕೋಟಿಂಗ್ ಸಾಲಲ್ಲ ರೀ."

ನಡುಮನೆಯಲ್ಲಿ ಅತ್ತೆಯ ತವರಿನ ಕನ್ನಡಿ ಇತ್ತು. ಅದರ ಕಂದು ಚೌಕಟ್ಟಿನ ಧೂಳನ್ನೂ ಬೇರೆಯವರು ಒರೆಸುವ ಹಾಗಿರಲಿಲ್ಲ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದ ದಿನ ಸೊಸೆ ಅದರ ಮುಂದೆ ನಿಂತಳು. ಚಿನ್ನದಲ್ಲಿ ಹೇಗೆ ಕಾಣಬಹುದು? ಪ್ರಶ್ನೆ ತಲೆಯೊಳಗೆ ಹೊಕ್ಕ ಮೇಲೆ ಬಿಡಬೇಕಲ್ಲ! ಗಾಜಿಗೆ ಪೇಪರ್ ಅಂಟಿಸಿ ಬುಸ್ ಎನಿಸಿದಳು.

ಚೆನ್ನಾಗಿಯೇ ಬಂತು. ಮೂಲೆಯೊಂದರಲ್ಲಿ ಮಾತ್ರ ಬಣ್ಣ ಜಾಸ್ತಿಯಾಗಿ ಕೆಳಗಿಳಿದು ಗೆರೆಯಾಯಿತು. ಅಷ್ಟರಲ್ಲಿ ಗಂಡನ ಫೋನು: "ಅಮ್ಮನ್ನ ಕರ್ಕೊಂಡು ಹೊರಟೆ."

ಬೇರೆ ಯಾರಾದರೂ ಆಗಿದ್ದರೆ ಒರೆಸುತ್ತಿದ್ದರು. ಇವಳ ಕಣ್ಣಿಗೆ ಅದು ಬಟ್ಟೆಯ ಸುಕ್ಕಿನ ಹಾಗೆ ಕಂಡಿತು. ಅದರ ಮೇಲೆ ಟವೆಲ್ ಹಿಡಿದು, ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತಿದಳು. ಟವೆಲ್ ಎಳೆದರೆ ಚಿನ್ನವೂ ಬಂತು, ಅದರ ಕೆಳಗಿನ ಕಂದೂ ಬಂತು. ಅಂಗೈಯಗಲ ಬೋಳಾಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆ ಒಳಗೆ ಬಂದರು. ಹೊಸ ಕಣ್ಣಿಗೆ ಮೊದಲು ಜೇಡರ ಬಲೆ ಕಂಡಿತು, ಆಮೇಲೆ ಮಗನ ನರೆಗೂದಲು, ಆಮೇಲೆ ಕನ್ನಡಿ.

"ಇದೇನೇ ಇದು, ಯಾವ ನಾಟಕದ ಕಂಪನಿಯಿಂದ ತಂದೆ?"

"ನಾನೇ ಬಣ್ಣ ಹೊಡೆದೆ, ಅತ್ತೆ. ತಪ್ಪಾಯ್ತು, ಬೈದುಬಿಡಿ."

"ಬೈಯೋಕೆ ನಿನ್ನ ಅಪ್ಪಣೆ ಬೇರೆ ಬೇಕಾ? ತವರಿಂದ ಅಂತ ನನ್ನ ಹತ್ತಿರ ಉಳಿದಿರೋದು ಇದೊಂದೇ. ಇದನ್ನೂ ಹಾಳು ಮಾಡ್ದೆ! ಇನ್ನೊಂದು ಸಲ ಇದರ ಹತ್ತಿರ ಸುಳಿದ್ರೆ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ಕನ್ನಡಕ ತೆಗೆದು ಬೋಳಾದ ಮೂಲೆಗೆ ಮುಖ ತಂದರು.

"ಲೋ, ಇದು ಯಾವ ಬಣ್ಣ ಹೇಳೋ?"

"ಹಸಿರು ಅಮ್ಮ," ಅಂದ ಮಗ.

"ಹಸಿರೇ ತಾನೆ?" ಅತ್ತೆ ಆ ಜಾಗವನ್ನು ಬೆರಳಿನಿಂದ ಸವರಿದರು. "ನಮ್ಮವ್ವ ಇದರ ಮುಂದೆ ನನ್ನ ತಲೆ ಬಾಚ್ತಿದ್ದಾಗ ಇದು ಹಸಿರಾಗಿತ್ತು. ಆಮೇಲೆ ಅಪ್ಪ ಕಂದು ಹೊಡೆಸಿದ್ರು. ನಮ್ಮಣ್ಣ ಇವತ್ತಿಗೂ ಕೆಂಪು ಅಂತಾನೆ, 'ನಿಂಗೆ ಹುಟ್ಟಿದಾಗಿಂದ ಕಣ್ಣಲ್ಲಿ ಪೊರೆ' ಅಂತ ಆಡ್ಕೊಂಡು ನಗ್ತಾನೆ. ಎಲ್ಲಿ, ಫೋನ್ ಹಚ್ಚು ಅವನಿಗೆ!"

ಮಗ ಫೋನ್ ಹಚ್ಚಿಕೊಟ್ಟ. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೊಸೆಯ ಕಡೆ ಕೈ ಬೀಸಿದರು. "ನೋಡ್ತಾ ನಿಂತಿದ್ದೀಯಲ್ಲ! ಪೂರ್ತಿ ಕೆರೆದು ತೆಗಿ. ಚಿನ್ನವೂ ಬೇಡ, ಕಂದೂ ಬೇಡ. ಪರವಾಗಿಲ್ಲ ಕಣೇ, ನಿನ್ನ ಕೈಯಿಂದಲೂ ಒಂದು ಒಳ್ಳೇ ಕೆಲಸ ಆಯ್ತು."

ಮದುವೆಯಾಗಿ ಬಂದ ಮೇಲೆ ಅವಳ ಕೈಗೆ ಸಿಕ್ಕ ಮೊದಲ ಹೊಗಳಿಕೆ ಅದು. ಸೊಸೆ ಹಿಗ್ಗಿ ಹೀರೇಕಾಯಿಯಾಗಿ ಉಗುರಿನಿಂದ ಕೆರೆಯತೊಡಗಿದಳು.

"ಅಣ್ಣ, ಹಸಿರು! ಕೇಳಿಸ್ತಾ? ಹ-ಸಿ-ರು! ಈಗೇನಂತೀಯ?" ಎಂದು ಅತ್ತೆ ಫೋನಿನಲ್ಲಿ ಕೂಗುತ್ತಿದ್ದರು.

ಸೊಸೆಯ ಉಗುರು ಸ್ವಲ್ಪ ಆಳಕ್ಕೆ ಇಳಿಯಿತು. ಹಸಿರಿನದೊಂದು ಚಕ್ಕೆ ಎದ್ದು ಬಂತು. ಅದರ ಅಡಿಯಲ್ಲಿ ಕುಂಕುಮದಂಥ ಕೆಂಪು.

ಅವಳು ಅಂಗೈಯಿಂದ ಆ ಜಾಗ ಮುಚ್ಚಿ ಹಿಡಿದಳು.

"ಅತ್ತೆ, ಹಸಿರು ಎಷ್ಟು ಚೆನ್ನಾಗಿದೆ! ಇನ್ನೂ ಕೆಳಗೆ ಕೆರೆಯೋದು ಬೇಡ, ಅಲ್ವಾ?"