ಅವನಿಗೊಂದು ಮೂರು ಚಕ್ರದ ಬೈಕು

ಲಿಫ್ಟ್ ರಿಪೇರಿ ಮಾಡುತ್ತಿದ್ದ ಅವಳ ಗಂಡ ಕೆಲಸದಲ್ಲಿ ಬಿದ್ದು, ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಅವಳು ಒಬ್ಬಳೇ ಕೆಲಸಕ್ಕೆ ಹೋಗಿ ಒಬ್ಬಳೇ ಮನೆಗೆ ಬಂದಳು. ಅದಕ್ಕೂ ಮೊದಲಿನ ಹನ್ನೊಂದು ವರ್ಷಗಳ ಸಂಸಾರದಲ್ಲಿ ಅಂಥ ಒಂದು ದಿನವೂ ಇರಲಿಲ್ಲ.

ಕೆಲಸ ಒಂದು ಕನ್ನಡಕದಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ನಡುವಿಗೆ ಗುರುತು ಹಾಕಿ, ನೀರು ಹರಿಯುವ ಸಾಣೆಗೆ ಹಿಡಿದು, ಫ್ರೇಮಿನೊಳಗೆ ಸರಿಯಾಗಿ ಕೂರುವಂತೆ ಅಂಚು ಉಜ್ಜಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಗಾಜು ದಂಡ. ಮುಖದ ಅಳತೆ ತೆಗೆಯಲು ಮಾತ್ರ ಅವಳು ಮುಂದಿನ ಕೋಣೆಗೆ ಬರುತ್ತಿದ್ದಳು. ಕಾಲು ಹೋಗುವ ಮೊದಲು ಗಂಡ ಬೆಳಿಗ್ಗೆ ಬೈಕಿನಲ್ಲಿ ತಂದು ಬಿಡುತ್ತಿದ್ದ, ಸಂಜೆ ಬಂದು ಕರೆದೊಯ್ಯುತ್ತಿದ್ದ. ತನಗೆ ರಜೆಯಿದ್ದ ದಿನ ರಸ್ತೆಯಾಚೆ ಬೈಕು ನಿಲ್ಲಿಸಿ, ಅದರ ಮೇಲೆಯೇ ಕೂತು ಅಂಗಡಿಯ ಗಾಜಿನ ಬಾಗಿಲನ್ನು ನೋಡುತ್ತಿದ್ದ. ಮನೆಗೆ ಹೋದಮೇಲೆ ಆ ನೀಲಿ ಅಂಗಿಯವನು ಯಾರು, ಅವನ ಮುಖ ಅಳೆಯಲು ಅಷ್ಟು ಹೊತ್ತು ಯಾಕೆ, ನಕ್ಕಿದ್ದು ಯಾತಕ್ಕೆ ಎಂದು ವಿಚಾರಿಸುತ್ತಿದ್ದ. ಗದರುತ್ತಿರಲಿಲ್ಲ. ಒಂದು ದಿನವೂ ಕೈ ಎತ್ತಿದವನಲ್ಲ. ತನಗೆ ಸಮಾಧಾನವಾಗುವ ಉತ್ತರ ಸಿಗುವ ತನಕ ಅದೇ ಮೆಲುದನಿಯಲ್ಲಿ ಅದನ್ನೇ ಕೇಳುತ್ತಿದ್ದ, ಅಷ್ಟೇ.

ಅಂಗಡಿಯಲ್ಲಿ ಫ್ರೇಮು ತೋರಿಸುವ ಅಕ್ಕ, ಇಂಥ ಗಂಡ ಯಾರಿಗೆ ಸಿಗುತ್ತಾನೆ, ನಮ್ಮವರಿಗೆ ನಾನು ಎಲ್ಲಿ ಕೆಲಸ ಮಾಡುತ್ತೇನೆ ಅನ್ನುವುದೇ ಮರೆತುಹೋಗಿದೆ ಎಂದು ನಗುತ್ತಿದ್ದಳು. ಅವಳೂ ನಗುತ್ತಿದ್ದಳು. ದೂರು ಹೇಳೋಣವೆಂದರೆ ಹೇಳಲು ಏನಿತ್ತು? ಹೆಂಡತಿಯನ್ನು ಬಿಡಲು ಬರುತ್ತಾನೆ ಎನ್ನುವುದು ಯಾವ ಊರಿನಲ್ಲಿ ದೂರಾದೀತು?

ಗಂಡ ಹಾಸಿಗೆ ಹಿಡಿದಾಗ ಅವಳು ಅತ್ತದ್ದು ಸುಳ್ಳಲ್ಲ. ಗಾಯ ತೊಳೆದಳು, ಎತ್ತಿ ಕೂರಿಸಿದಳು, ಊರುಗೋಲಿನ ಅಭ್ಯಾಸ ಮಾಡಿಸಿದಳು. ಆದರೆ ಬಸ್ಸಿನಲ್ಲಿ ಒಬ್ಬಳೇ ಕೂತ ಮೊದಲ ವಾರವೇ ಅವಳಿಗೆ ಹೆಗಲು ಹಗುರಾದದ್ದೂ ಸುಳ್ಳಲ್ಲ. ಗಿರಾಕಿಗಳ ಜೊತೆ ನಕ್ಕು ಮಾತಾಡಿದಳು. ಬಿಡುವಿದ್ದಾಗ ಬಣ್ಣಬಣ್ಣದ ಫ್ರೇಮು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡಳು. ಇದಕ್ಕೆಲ್ಲ ಒಬ್ಬನ ಕಾಲು ಹೋಗಬೇಕಾಯಿತಲ್ಲ ಎಂದು ನೆನಪಾದಾಗ ಫ್ರೇಮು ತೆಗೆದಿಟ್ಟು ಹಿಂದಿನ ಕೋಣೆಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಗಂಡ ಫೋನು ಹಿಡಿದುಕೊಂಡು, ಅವಳು ಪಾತ್ರೆ ತೊಳೆಯುತ್ತಿದ್ದಲ್ಲಿಗೆ ಊರುಗೋಲೂರುತ್ತ ಬಂದ. ಮುಂದೊಂದು, ಹಿಂದೆರಡು ಚಕ್ರದ ಬೈಕಿನ ಚಿತ್ರ. ಗೇರು, ಬ್ರೇಕು ಎಲ್ಲ ಕೈಯಲ್ಲೇ. ಊರುಗೋಲು ಸಿಕ್ಕಿಸಲು ಪಕ್ಕದಲ್ಲೊಂದು ಕೊಳವೆ. ದೊಡ್ಡ ರಸ್ತೆಯ ಮೆಕ್ಯಾನಿಕ್ ಮಾಡಿಕೊಡುತ್ತಾನಂತೆ.

"ಇದೊಂದಿದ್ರೆ ನಾನು ಮತ್ತೆ ಮನುಷ್ಯ ಆಗ್ತೀನಿ," ಎಂದ. ಆಮೇಲೆ ಸ್ವಲ್ಪ ತಡೆದು, "ನಿನ್ನೂ ಮೊದಲಿನ ಹಾಗೆ ನಾನೇ ಕರ್ಕೊಂಡು ಬರ್ಬೋದು," ಎಂದು ಸೇರಿಸಿದ.

ಅವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ನೋಡೋಣ ಎಂದಳು.

ಅಪಘಾತದ ಪರಿಹಾರವೆಂದು ಬಂದ ಹಣ ಇಬ್ಬರ ಹೆಸರಿನಲ್ಲಿ ಬ್ಯಾಂಕಿನಲ್ಲಿತ್ತು. ಅವಳ ಸಹಿಯಿಲ್ಲದೆ ಅದು ಅಲುಗುವಂತಿರಲಿಲ್ಲ. ಜೊತೆಯಲ್ಲೇ ಇದ್ದ ಅತ್ತೆ, ಇದರಲ್ಲಿ ನೋಡುವುದೇನಿದೆ, ಮಗ ಕಿಟಕಿಗೆ ಅಂಟಿಕೊಂಡು ಕೊರಗುತ್ತಿದ್ದಾನೆ ಎಂದರು. ಅಂಗಡಿಯ ಅಕ್ಕನೂ ಹಾಗೇ ಅಂದಳು. ಎಲ್ಲರ ಲೆಕ್ಕದಲ್ಲಿ ಬೈಕು ಆಗಲೇ ಮನೆ ಮುಂದೆ ಬಂದು ನಿಂತಿತ್ತು. ಬಣ್ಣ ಯಾವುದು ಎನ್ನುವುದೊಂದು ಬಾಕಿ.

ಅವಳು ಮೆಕ್ಯಾನಿಕ್ಕಿನ ಅಂಗಡಿಗೆ ಹೋಗಿ ಬಂದಳು. ಗಂಡನ ಎತ್ತರ, ತೂಕ ಕೇಳಿ ಬರೆದುಕೊಂಡ ಅವನು ಗಾಡಿಯ ಅರ್ಜಿಯೊಂದನ್ನು ಕೊಟ್ಟು, ಸಹಿ ಹಾಕಿದರೆ ಮೂರು ವಾರದಲ್ಲಿ ಗಾಡಿ ಕೊಡುತ್ತೇನೆ ಎಂದ. ಅವಳು ಅರ್ಜಿಯನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ಮನೆಗೆ ಬಂದು, ಡಾಕ್ಟರ ಪತ್ರ ಬೇಕಂತೆ ಎಂದಳು. ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯದು. ಗಂಡ ಒಂದು ವಾರ ಫೋನು ಮಾಡಿ ಮಾಡಿ ಪತ್ರ ತರಿಸಿದ. ಆಮೇಲೆ ಹಿಂದಿನ ಚಕ್ರ ಬೇರೆ ಊರಿನಿಂದ ಬರಬೇಕಂತೆ ಎಂದಳು. ಆಮೇಲೆ ಮೆಕ್ಯಾನಿಕ್ ರಜೆಯ ಮೇಲಿದ್ದಾನಂತೆ ಎಂದಳು. ಪ್ರತಿ ಸಲವೂ ಗಂಡ ನಂಬಿದ. ಹನ್ನೊಂದು ವರ್ಷ ಅವಳ ನಿಜವನ್ನು ಅನುಮಾನಿಸಿದವನು ಈಗ ಅವಳ ಸುಳ್ಳನ್ನೆಲ್ಲ ನಂಬುತ್ತಿದ್ದ. ಕೈಬ್ರೇಕಿಗೆ ಹಿಡಿತ ಬೇಕೆಂದು ದಿನವಿಡೀ ರಬ್ಬರ್ ಚೆಂಡು ಹಿಸುಕುತ್ತಿದ್ದ. ಅಡುಗೆಮನೆಯಲ್ಲಿ ನಿಂತರೂ ಆ ಸಪ್ಪಳ ಅವಳಿಗೆ ಕೇಳುತ್ತಿತ್ತು.

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಅವಳು ಕೆಲಸದಲ್ಲಿದ್ದಾಗ, ಅವನು ಯಾರಿಗೂ ಹೇಳದೆ ಮನೆಯಿಂದ ಹೊರಟ. ದೊಡ್ಡ ರಸ್ತೆಯ ತನಕ ಊರುಗೋಲಿನಲ್ಲೇ ನಡೆದ. ನಾಲ್ಕು ಕಡೆ ಕೂತು ಸುಧಾರಿಸಿಕೊಂಡನಂತೆ. ಮೆಕ್ಯಾನಿಕ್ ಕುರ್ಚಿ ಹಾಕಿ, ನೀರು ಕೊಟ್ಟು, ನಿಮ್ಮ ಮನೆಯವರು ಅವತ್ತೊಂದು ದಿನ ಬಂದವರು ಮತ್ತೆ ಈ ಕಡೆ ತಲೆ ಹಾಕಲೇ ಇಲ್ಲವಲ್ಲ ಎಂದ.

ಸಂಜೆ ಅವಳು ಬಂದಾಗ ಗಂಡ ಮಂಚದ ಮೇಲೆ ಕೂತಿದ್ದ. ಊರುಗೋಲು ಒತ್ತಿ ಕಂಕುಳಿನ ಬಳಿ ಅಂಗಿಯೆಲ್ಲ ಮುದುಡಿ ಒದ್ದೆಯಾಗಿತ್ತು. ಅವಳು ಚೀಲ ಇಳಿಸುವ ಮೊದಲೇ ತಾನು ಹೋಗಿ ಬಂದದ್ದನ್ನೂ ಕೇಳಿ ಬಂದದ್ದನ್ನೂ ಹೇಳಿದ. ಕೂಗಾಡಲಿಲ್ಲ.

"ನಾನು ಹೊರಗೆ ಹೋಗೋದು ನಿಂಗೆ ಬೇಡ್ವಾ?"

ಮೆಕ್ಯಾನಿಕ್ಕಿನ ಮೇಲೆ ಹಾಕಲು ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿದಳು.

"ನೀವು ಹೊರಗೆ ಹೋಗಿ. ಎಲ್ಲಿಗೆ ಬೇಕಾದ್ರೂ ಹೋಗಿ. ನನ್ನ ಹಿಂದೆ ಬರ್ಬೇಡಿ."

"ನಾನು ನಿನ್ನ ನೋಡ್ಕೊಳ್ತಿದ್ದೆ," ಎಂದ.

"ನೋಡ್ಕೊಳ್ತಿರ್ಲಿಲ್ಲ. ನೋಡ್ತಿದ್ರಿ."

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆಯ ಬಳೆ ಸದ್ದು ನಿಂತಿತು. ಗಂಡ ತನ್ನ ಅರ್ಧ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೋವು ಬಂದಾಗ ಹಾಗೆ ಮಾಡುತ್ತಿದ್ದ. ಅವಳಿಗೆ ಹೋಗಿ ತಾನು ಹಿಡಿಯಬೇಕೆನಿಸಿತು, ಹೋಗಲಿಲ್ಲ.

"ಈ ಎರಡು ವರ್ಷ ನಾನು ಎಲ್ಲೂ ಹೋಗೋಕಾಗ್ದೆ ಇಲ್ಲಿ ಕೂತಿದ್ದೀನಲ್ಲ," ಎಂದ ಅವನು. "ನಿಂಗೂ ಹಿಂಗೇ ಆಗ್ತಿತ್ತಾ?"

"ಹೆಚ್ಚುಕಮ್ಮಿ ಹಿಂಗೇ."

ಇನ್ನು ಮೇಲೆ ನಿನ್ನ ಹಿಂದೆ ಬರುವುದಿಲ್ಲ ಎಂದು ಅವನು ಹೇಳಬಹುದಿತ್ತು. ಅವಳು ಕಾದಳು. ಅವನು ಹೇಳಲಿಲ್ಲ. ಮಾತು ಕೊಡಿ ಎಂದು ಕೇಳಲು ಅವಳಿಗೂ ಬಾಯಿ ಬರಲಿಲ್ಲ. ಮಾತು ಕೊಟ್ಟರಷ್ಟೇ ಗಾಡಿ ಎನ್ನುವ ಅಧಿಕಾರ ಅವಳ ಕೈಗೆ ಬಂದಿತ್ತು. ಅದನ್ನು ಚಲಾಯಿಸಿದರೆ ತಾನೂ ರಸ್ತೆಯಾಚೆ ನಿಂತು ಕಾಯುವವಳೇ ಆದೆನಲ್ಲ ಎನಿಸಿತು. ಹೋಗಲು ಬಿಟ್ಟರೆ ಅವನು ಬಂದೇ ಬರುತ್ತಾನೆ. ಬಿಡದಿದ್ದರೆ ಕಿಟಕಿಯ ಬಳಿ ಚೆಂಡು ಹಿಸುಕುವ ಸಪ್ಪಳ. ಎತ್ತ ಹೊರಳಿದರೂ ಗೋಡೆ. ನಾಲ್ಕು ದಿನ ಮೂವರೂ ತಲೆ ತಗ್ಗಿಸಿ ಉಂಡರು.

ಐದನೆಯ ದಿನ, ಒಣಗಿದ ಬಟ್ಟೆ ತೆಗೆಯುತ್ತಿದ್ದ ಅವಳ ಪಕ್ಕ ಅತ್ತೆ ಬಂದು ನಿಂತರು. "ಇವನಪ್ಪನೂ ಹಂಗೇ ಇದ್ರು," ಎಂದರು. "ನಾನು ಯಾರಿಗೂ ಹೇಳ್ಲಿಲ್ಲ." ಬೈಕು ಕೊಡಿಸೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಅವಳು ಚೀಲದ ತಳದ ಅರ್ಜಿ ತೆಗೆದು ಸಹಿ ಹಾಕಿದಳು. ಯಾಕೆ ಎಂದು ಅಂಗಡಿಯ ಅಕ್ಕ ಕೇಳಲಿಲ್ಲ. ಅಕ್ಕ ಕೇಳಿದ್ದು ಬಣ್ಣದ ವಿಷಯ ಮಾತ್ರ.

ಕಡುಗೆಂಪು ಬೈಕು ಬಂತು. ಅಕ್ಕಪಕ್ಕದವರು ಸುತ್ತ ನೆರೆದರು. ಗಂಡ ಮೊದಲ ದಿನ ಬೀದಿ ಸುತ್ತಿದ. ಎರಡನೆಯ ದಿನ ಹಳೆಯ ಕಂಪನಿಯ ಉಗ್ರಾಣಕ್ಕೆ ಹೋಗಿ ಜೊತೆಯವರ ಹತ್ತಿರ ಹರಟಿ ಬಂದ. ಮುಖಕ್ಕೆ ಬಿಸಿಲು ತಾಗಿ ಬಣ್ಣ ಬಂತು, ಊಟ ಹೆಚ್ಚಾಯಿತು, ಅವ್ವನನ್ನು ಹಿಂದೆ ಕೂರಿಸಿಕೊಳ್ಳುತ್ತೇನೆಂದು ಹಟ ಹಿಡಿದು, ಅವರು ಕಂಬ ತಬ್ಬಿ ನಿಂತದ್ದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳೂ ನಕ್ಕಳು. ಒಂಬತ್ತು ದಿನ ಅವನು ಕನ್ನಡಕದಂಗಡಿಯ ಬೀದಿಗೆ ಬರಲಿಲ್ಲ.

ಹತ್ತನೆಯ ಸಂಜೆ ಸಾಣೆಯ ಸದ್ದಿನ ನಡುವೆಯೂ ಎಂಜಿನ್ನಿನ ಗುರುತು ಅವಳಿಗೆ ಸಿಕ್ಕಿತು. ನಿಮ್ಮವರು ಬಂದರು ನೋಡು ಎಂದು ಅಕ್ಕ ಖುಷಿಯಿಂದ ಕೂಗಿದಳು. ಕೈಯಲ್ಲಿದ್ದ ಗಾಜು ಒಂದು ಚೂರು ಹೆಚ್ಚೇ ಸವೆಯಿತು. ಅದನ್ನು ಪಕ್ಕಕ್ಕಿಟ್ಟು, ಹೊಸದೊಂದು ತೆಗೆದು, ಅದು ಮುಗಿಯುವ ತನಕ ಅವಳು ಎದ್ದು ಹೋಗಲಿಲ್ಲ.

"ಈ ಕಡೆ ಕೆಲಸ ಇತ್ತು," ಎಂದ ಗಂಡ.

"ನಾನು ಬಸ್ಸಲ್ಲಿ ಬರ್ತೀನಿ."

ಅವನು ಹಿಂದಿನ ಸೀಟನ್ನೊಮ್ಮೆ ಒರೆಸಿದ. "ಸರಿ," ಎಂದ. ಆದರೆ ಹೊರಡಲಿಲ್ಲ. ಅವಳು ನಡೆದಳು. ಬಸ್ ನಿಲ್ದಾಣದ ತನಕ ಆ ಎಂಜಿನ್ನು ಅವಳ ನಡಿಗೆಯ ವೇಗದಲ್ಲೇ ಹಿಂದೆ ಬಂತು. ಅವನ ಹಿಂದಿನ ಗಾಡಿಗಳು ಹಾರ್ನು ಹೊಡೆದವು. ಅವಳು ತಿರುಗಿ ನೋಡಲಿಲ್ಲ, ಹತ್ತಲೂ ಇಲ್ಲ. ಬಸ್ಸು ಬಂದಾಗ ಕಿಟಕಿಯಿಲ್ಲದ ಕಡೆ ನಿಂತುಕೊಂಡಳು.

ಈಗ ಅವನು ಕೆಲವು ದಿನ ಬರುತ್ತಾನೆ, ಕೆಲವು ದಿನ ಬರುವುದಿಲ್ಲ. ಯಾವ ದಿನ ಎನ್ನುವುದು ಅವಳಿಗೆ ತಿಳಿಯದು. ನಾಲ್ಕೂವರೆಯಾದರೆ ಕಿವಿ ಬೀದಿಗೆ ಹೋಗುತ್ತದೆ. ಬಂದ ದಿನವೂ ಅವಳು ಬಸ್ಸಿಗೇ ಹೋಗುತ್ತಾಳೆ.

ಮೊನ್ನೆ ಬಸ್ಸು ಕೆಟ್ಟು ಮನೆ ಸೇರುವಾಗ ಒಂದು ಗಂಟೆ ತಡವಾಗಿತ್ತು. ಗಂಡ ಬಾಗಿಲಲ್ಲೇ ಕೂತು ಬೈಕಿನಿಂದ ಬಿಚ್ಚಿದ ಕನ್ನಡಿ ಒರೆಸುತ್ತಿದ್ದ. "ಯಾಕೆ ಇಷ್ಟು..." ಎಂದವನು ಅಲ್ಲಿಗೇ ನಿಲ್ಲಿಸಿದ. ಉಳಿದರ್ಧ ಬರುತ್ತದೆಂದು ಅವಳು ಮೆಟ್ಟಿಲ ಮೇಲೆ ಕಾದು ನಿಂತಳು. ಅವನು ತುಟಿ ಬಿಗಿದುಕೊಂಡು ಕನ್ನಡಿಯನ್ನು ಮತ್ತೆ ಒರೆಸತೊಡಗಿದ. ಅವಳು ಹೊಸ್ತಿಲಿಗೆ ಅಡ್ಡ ಇದ್ದ ಊರುಗೋಲನ್ನು ದಾಟಿಕೊಂಡು ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು.